ನಾಯಿಗೆ ಐಸ್‌ಕ್ಯಾಂಡಿ ಕೊಡೋ ಫೋಟೋ ಹಾಕ್ರಿ, ಆದ್ರ ಕೆಳಗ ನಾಕು ಸಾಲು ಜಾಸ್ತಿ ಬರೀರಿ

ಸಂಪಾದಕರಿಗೆ ನಮಸ್ಕಾರ್ರೀ,

ಹೋದ ವಾರ ನಿಮ್ಮ ಪೇಪರಿನ ಜಿಲ್ಲಾ ಪುಟದಾಗ ಒಂದು ಫೋಟೋ ಬಂದಿತ್ತು, ಒಬ್ಬ ಸಣ್ಣ ಹುಡುಗ ಬೀದಿನಾಯಿಗೆ ಐಸ್‌ಕ್ಯಾಂಡಿ ನೆಕ್ಕಸ್ತಿರೋದು, ಬಿಸಿಲಾಗ ಮಾನವೀಯತೆ ಅಂತೇನೋ ಕೆಳಗ ಬರದಿದ್ರಿ. ಫೋಟೋ ಚಲೋ ಇತ್ತು, ಹುಡುಗನ ಮನಸ್ಸೂ ಚಲೋನೇ, ಅದಕ್ಕ ನನ್ನ ತಕರಾರಿಲ್ಲ. ತಕರಾರು ಏನಂದ್ರ ಆ ಫೋಟೋ ಬಂದ ಮರುದಿನದಿಂದ ನನ್ನ ಅಂಗಡಿ ಮುಂದ ಏನ್ ನಡದದ ಅನ್ನೋದು.

ನಂದು ರಾಯಚೂರಾಗ ಸಣ್ಣದೊಂದು ಕೂಲ್‌ಡ್ರಿಂಕ್ಸ್ ಅಂಗಡಿ, ಲಸ್ಸಿ, ಸೋಡಾ, ಐಸ್‌ಕ್ರೀಮು, ಕುಲ್ಫಿ ಎಲ್ಲಾ ಇಟ್ಟೀನಿ. ಈಗ ಮಧ್ಯಾಹ್ನ ಹನ್ನೆರಡಾದ್ರ ಸಾಕು ಮೂರು ನಾಯಿ ಡ್ಯೂಟಿಗೆ ಬಂದಂಗ ಫ್ರೀಜರ್ ಮುಂದ ಬಂದು ಕೂಡ್ತಾವ, ಯಾಕಂದ್ರ ಬಂದವರೆಲ್ಲಾ ಅವಕ್ಕೊಂದು ಕೊಡ್ರಿ ಅಂತಾರ. ಒಬ್ಬರು ಚಾಕೋಬಾರ್ ಕೊಡ್ತಾರ, ಒಬ್ಬರು ಡ್ರೈಫ್ರೂಟ್ ಕುಲ್ಫಿ, ಮೊನ್ನೆ ಒಬ್ಬ ಪುಣ್ಯಾತ್ಮರು ತಮಗ ಶುಗರ್ ಅದ ಅಂತ ತಗೊಂಡಿದ್ದ ಶುಗರ್‌ಫ್ರೀ ಕಪ್ಪಿನ್ಯಾಗ ಅರ್ಧ ಉಳಿಸಿ ನಾಯಿ ಮುಂದ ಇಟ್ಟುಬಿಟ್ರು, ನಾನು ಗಲ್ಲಾ ಬಿಟ್ಟು ಓಡಿ ಹೋಗಿ ಕಸಗೊಂಡೆ. ಅವರಿಗೆ ಸಿಟ್ಟು ಬಂತು. "ನಿಮ್ಮ ಮಾಲೇ ಅಲ್ಲೇನ್ರೀ, ರೊಕ್ಕ ಕೊಟ್ಟೀನಿ, ನಾಯಿಗೆ ಕೊಟ್ರ ನಿಮಗೇನು ಹೊಟ್ಟಿಕಿಚ್ಚು" ಅಂದ್ರು. ಅವರಿಗೆ ನಿಂತು ಹೇಳೋವಷ್ಟು ಟೈಮ್ ಇರಲಿಲ್ಲ, ಗಿರಾಕಿ ಭಾಳ ಇದ್ರು, ಅದಕ್ಕ ಇಲ್ಲಿ ಬರೀಲಿಕತ್ತೀನಿ, ಅವರು ನಿಮ್ಮ ಪೇಪರೇ ಓದ್ತಾರ, ಕೈಯಾಗ ಮಡಚಿ ಹಿಡಕೊಂಡಿದ್ರು.

ಮೊದಲ ಒಂದು ಮಾತು. ಐಸು ಅಂದ್ರ ನಾಯಿಗೆ ವಿಷ ಅಲ್ಲ. ವಾಟ್ಸಪ್ಪಿನ್ಯಾಗ ಪ್ರತಿ ಬ್ಯಾಸಿಗಿಗೆ ಒಂದು ಮೆಸೇಜ್ ತಿರಗ್ತದ, ನಾಯಿಗೆ ಐಸ್ ನೀರು ಕೊಟ್ರ ಹೊಟ್ಟಿ ತಿರುಚ್ಕೊಂಡು ಸಾಯ್ತದ ಅಂತ. ಹೊಟ್ಟಿ ಉಬ್ಬಿ ತಿರುಚ್ಕೊಳ್ಳೋ ರೋಗ ಇರೋದು ಖರೆ, ಅದು ಬಂದ್ರ ತಾಸುಗಳಾಗ ಜೀವ ಹೋಗ್ತದ, ಎದಿ ಆಳ ಇರೋ ದೊಡ್ಡ ಜಾತಿಗೆ ಜಾಸ್ತಿ, ವಯಸ್ಸಾದವಕ್ಕ ಜಾಸ್ತಿ, ಒಂದೇ ಹೊತ್ತಿಗೆ ಹೊಟ್ಟಿ ಬಿರಿಯಂಗ ಗಬಗಬ ತಿಂದವಕ್ಕ ಜಾಸ್ತಿ. ಆದ್ರ ನೀರು ತಣ್ಣಗಿತ್ತು ಅಂತ ಬರಂಗಿಲ್ಲ. ಓಡಿ ಬಂದ ನಾಯಿ ಒಂದೇ ಉಸಿರಿಗೆ ಬಕೆಟ್ ಖಾಲಿ ಮಾಡೋದು ಒಳ್ಳೇದಲ್ಲ, ಅದಕ್ಕ ಸ್ವಲ್ಪ ಸ್ವಲ್ಪ ಕೊಡಬೇಕು, ಅಷ್ಟೇ. ಹಂಗಾಗಿ ಆ ಮೆಸೇಜ್ ನಂಬಿ ಉರಿಬಿಸಿಲಾಗ ನಾಯಿಗೆ ಕಾದ ನೀರು ಕುಡಸ್ತಿರೋರು ಇದ್ರ ದಯವಿಟ್ಟು ಬಿಡ್ರಿ.

ಖರೆ ತೊಂದರೆ ಇರೋದು ಐಸಿನ ಜೊತಿಗೆ ಏನದ ಅನ್ನೋದರಾಗ.

ಆ ಶುಗರ್‌ಫ್ರೀ ವಿಷಯ ಮೊದಲ ಹೇಳ್ತೀನಿ. ಸಕ್ಕರಿ ಬದ್ಲಿ ಹಾಕೋ ಸಿಹಿಗಳಾಗ ಕ್ಸೈಲಿಟಾಲ್ ಅಂತೊಂದು ಅದ. ಮನುಷ್ಯರಿಗೆ ಅದು ವಿಷ ಅಲ್ಲ, ನಾಯಿ ಹೊಟ್ಟಿಗೆ ಹೋದ್ರ ಮಾತ್ರ ಅದರ ದೇಹ ಇದನ್ನ ಸಕ್ಕರಿ ಅಂತ ತಿಳ್ಕೊಂಡು ಒಮ್ಮಿಗೇ ಇನ್ಸುಲಿನ್ ಸುರೀತದ, ರಕ್ತದಾಗಿನ ಶುಗರ್ ಧಡಕ್ಕನ ಇಳೀತದ, ಅರ್ಧ ತಾಸಿನ್ಯಾಗೇ ತೂರಾಡಾಕ ಹತ್ತಬಹುದು, ಆಮ್ಯಾಲೆ ಫಿಟ್ಸು, ಜಾಸ್ತಿ ತಿಂದಿದ್ರ ಲಿವರೇ ಹೋಗ್ತದ. ನಾಯಿ ಮೈತೂಕದ ಕೆಜಿಗೆ 0.1 ಗ್ರಾಂ ಸಾಕು ಶುಗರ್ ಇಳಿಸಾಕ. ಅಂದ್ರ ಹತ್ತು ಕೆಜಿ ನಾಯಿಗೆ ಒಂದು ಗ್ರಾಂ, ಒಂದು ಚಿಟಿಕಿ. ಎಲ್ಲಾ ಶುಗರ್‌ಫ್ರೀ ಐಸ್‌ಕ್ರೀಮಿನ್ಯಾಗ ಇದೇ ಇರ್ತದ ಅಂತಲ್ಲ, ಕೆಲವಕ್ಕ ಮಾಲ್ಟಿಟಾಲ್, ಸಾರ್ಬಿಟಾಲ್ ಹಾಕಿರ್ತಾರ, ಅವು ಇಷ್ಟು ಕೆಟ್ಟವಲ್ಲ, ಹೊಟ್ಟಿ ಕೆಡಸ್ತಾವ ಅಷ್ಟೇ. ಡಬ್ಬಿ ತಿರುವಿ ನೋಡ್ರಿ, ಸಣ್ಣ ಅಕ್ಷರದಾಗ 967 ಅಂತ ನಂಬರ್ ಇದ್ರ ಅದೇ ಕ್ಸೈಲಿಟಾಲ್. 965, 420 ಇದ್ರ ಬ್ಯಾರೆ. ಚಷ್ಮಾ ಹಾಕ್ಕೊಂಡು ನೋಡಬೇಕು, ಇರಿವಿ ಬರದಂಗ ಬರದಿರ್ತಾರ. ಓದಾಕ ಬರಂಗಿಲ್ಲ ಅಂದ್ರ ಶುಗರ್‌ಫ್ರೀ ಅಂತ ಬರದದ್ದು ಯಾವುದೂ ನಾಯಿಗೆ ಬ್ಯಾಡ, ಮುಗೀತು.

ಚಾಕೋಬಾರ್ ವಿಷಯ. ಚಾಕ್ಲೇಟಿನ್ಯಾಗ ಥಿಯೋಬ್ರೋಮಿನ್ ಅಂತ ಇರ್ತದ, ನಾಯಿಗೆ ಅದು ಲಗೂನ ಅರಗಂಗಿಲ್ಲ, ಎದಿ ಡವಡವ ಅಂತದ, ವಾಂತಿ, ನಡುಕ. ಕಪ್ಪಾದಷ್ಟು ಚಾಕ್ಲೇಟು ಜಾಸ್ತಿ ಕೆಟ್ಟದ್ದು. ಇಪ್ಪತ್ತು ಕೆಜಿ ಬೀದಿನಾಯಿ ಒಂದು ಚಾಕೋಬಾರಿನ ತೆಳು ಪದರ ನೆಕ್ಕಿದ್ರ ಸಾಯ್ತದ ಅಂತ ನಾನು ಹೆದರಸಂಗಿಲ್ಲ, ಆದ್ರ ಎರಡು ಕೆಜಿ ಮರಿಗೆ ಅದೇ ಕೊಟ್ರ ಲೆಕ್ಕ ಬ್ಯಾರೆ ಆಗ್ತದ, ನಮ್ಮ ಜನ ಮರಿಗೇ ಮೊದಲ ಕೊಡೋದು, ಮುದ್ದಾಗಿರ್ತದ ಅಂತ. ಡ್ರೈಫ್ರೂಟ್ ಕುಲ್ಫಿಯೊಳಗ ಒಣದ್ರಾಕ್ಷಿ ಇರ್ತದ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿ ಕಿಡ್ನಿಗೆ ಹೊಡಿತಾವ, ಎಷ್ಟು ತಿಂದ್ರ ಆಗ್ತದ ಅನ್ನೋದಕ್ಕ ಗ್ಯಾರಂಟಿ ಲೆಕ್ಕಿಲ್ಲ, ಒಂದು ನಾಯಿಗೆ ಏನೂ ಆಗಂಗಿಲ್ಲ, ಇನ್ನೊಂದು ನಾಕು ತಿಂದು ಮಲಗಿಬಿಡ್ತದ. ಅದರಾಗಿನ ಟಾರ್ಟಾರಿಕ್ ಆಸಿಡ್ಡೇ ಕಾರಣ ಇರಬೇಕಂತ ಈಚಿಗೆ ಡಾಕ್ಟರ್‌ಗಳು ಹೇಳ್ತಾರ, ಅದು ಹುಣಸಿಹಣ್ಣಿನ್ಯಾಗ ಭರ್ತಿ ಅದ. ಹಂಗಾಗಿ ಮನ್ಯಾಗ ಹುಣಸಿ ಪಾನಕ ಮಾಡಿ ಫ್ರಿಜ್ಜಿನ್ಯಾಗ ಗಟ್ಟಿ ಮಾಡಿ ಕೊಡೋರು ಇದ್ರ ಅದೂ ಬ್ಯಾಡ.

ಇನ್ನು ಬರೀ ಹಾಲಿನ ಐಸ್‌ಕ್ರೀಮು. ದೊಡ್ಡ ನಾಯಿಗಳಾಗ ಭಾಳಷ್ಟಕ್ಕ ಹಾಲಿನ ಸಕ್ಕರಿ ಅರಗಸೋ ಶಕ್ತಿ ಕಡಿಮಿ ಆಗಿರ್ತದ, ಒಂದು ಚಮಚ ನೆಕ್ಕಿದ್ರ ಏನಿಲ್ಲ, ಕಪ್ಪು ಪೂರ್ತಿ ಕೊಟ್ರ ಜುಲಾಬು. ಬಿಸಿಲಾಗ ಜುಲಾಬು ಹತ್ತಿದ್ರ ಮೈಯಾಗಿನ ನೀರೇ ಹೋಗ್ತದ, ತಂಪು ಮಾಡಾಕ ಹೋಗಿ ಒಣಗಿಸಿದಂಗ ಆತು. ನಮ್ಮ ಫ್ರೀಜರಿನ್ಯಾಗ ಅರ್ಧ ಮಾಲು ಐಸ್‌ಕ್ರೀಮೇ ಅಲ್ಲ ಬಿಡ್ರಿ, ಫ್ರೋಜನ್ ಡೆಸರ್ಟ್ ಅಂತ, ಹಾಲಿನ ಕೊಬ್ಬಿನ ಬದ್ಲಿ ಗಿಡದ ಎಣ್ಣಿ ಹಾಕಿದ್ದು, ಇದನ್ನ ಬರದ್ರ ಗಿರಾಕಿ ಹೋಗ್ತಾರ ಅಂತ ಹೆಂಡ್ತಿ ಅಂದ್ಲು, ಹೋದ್ರ ಹೋಗ್ಲಿ, ಡಬ್ಬಿ ಮ್ಯಾಲೇ ಬರದಿರ್ತದ.

ಮತ್ತ ಕಡ್ಡಿ! ಐಸ್‌ಕ್ಯಾಂಡಿ ಕಡ್ಡಿ ಬಗ್ಗೆ ಯಾರೂ ಯೋಚನಿ ಮಾಡಂಗಿಲ್ಲ. ಆ ಫೋಟೋದಾಗ ಹುಡುಗ ಕಡ್ಡಿ ಕೈಯಾಗ ಹಿಡಕೊಂಡಿದ್ದ, ಅದು ಸರಿ. ನನ್ನ ಅಂಗಡಿ ಮುಂದ ಹಂಗಲ್ಲ, ಕಡ್ಡಿ ಸಮೇತ ನೆಲಕ್ಕ ಒಗದು ಹೋಗ್ತಾರ, ನಾಯಿ ಕಡ್ಡಿಯೂ ಕಡದು ನುಂಗ್ತದ, ಸಿಹಿ ಹತ್ತಿರ್ತದಲ್ಲ. ಮುರದ ಕಟ್ಟಿಗಿ ಚೂಪಾಗಿ ಗಂಟಲಾಗ, ಕರುಳಾಗ ಚುಚ್ಚಬಹುದು. ಪ್ಲಾಸ್ಟಿಕ್ ಪೈಪಿನ ಪೆಪ್ಸಿ ಕೊಟ್ರ ಪ್ಲಾಸ್ಟಿಕ್ಕೇ ಒಳಗ ಹೋಗ್ತದ.

ಫ್ಯಾಕ್ಟರಿ ಐಸು ಬಗ್ಗೆ ನಾನೇ ಹೇಳಬೇಕು, ನನ್ನ ಧಂಧೆ ಅದು. ದೊಡ್ಡ ಬ್ಲಾಕ್ ಐಸು ಭತ್ತದ ಹೊಟ್ಟಿನ್ಯಾಗ, ಗೋಣಿಚೀಲದಾಗ ಸುತ್ತಿ ಆಟೋದಾಗ ಬರ್ತದಲ್ಲ, ಅದರಾಗ ಬಾಟ್ಲಿ ತಂಪು ಮಾಡಾಕ, ಮೀನು ಇಡಾಕ ಅಂತ ಮಾಡಿದ್ದೂ ಇರ್ತದ, ಅದು ತಿನ್ನೋದಲ್ಲ. ತಿನ್ನದ ಐಸಿಗೆ ನೀಲಿ ಬಣ್ಣ ಹಾಕಬೇಕಂತ ಆಹಾರ ಇಲಾಖೆ ರೂಲ್ ಅದ, ಎಲ್ಲಾ ಕಡಿ ಹಾಕ್ತಾರಂತ ನಾನು ಹೇಳಂಗಿಲ್ಲ. ಸಂಜಿಗೆ ಡ್ರಮ್ಮಿನ್ಯಾಗ ಉಳದ ಚೂರು ನಾಯಿಗೆ ಒಗಿಯೋದು ನಮ್ಮ ಕಡಿ ರೂಢಿ, ನಾನೂ ಒಗದೀನಿ ವರ್ಷಗಟ್ಟಲೆ, ಈಗ ಬಿಟ್ಟೀನಿ.

ಯಾಕ ಬಿಟ್ಟೆ ಅಂದ್ರ ನಮ್ಮ ಮನಿ ನಾಯಿ ಕಥಿ ಹೇಳಬೇಕಾಗ್ತದ. ಅದರ ಹೆಸರು ಟೈಗರ್, ಹೆಸರಿಗಷ್ಟೇ ಟೈಗರ್, ಗುಡುಗಿದ್ರ ಮಂಚದ ಕೆಳಗ. ಮುಧೋಳ ಜಾತಿದ್ದು ಅರ್ಧ, ಉಳದರ್ಧ ದೇವರಿಗೇ ಗೊತ್ತು, ಸಿಂಧನೂರು ಕಡಿಂದ ನಮ್ಮ ಮಾವ ತಂದು ಕೊಟ್ಟಿದ್ರು. ಎರಡು ವರ್ಷದ ಹಿಂದ ಮೇ ತಿಂಗಳಾಗ, ಮನ್ಯಾಗ ಬಣ್ಣ ಹಚ್ಚಸ್ತಿದ್ವಿ, ನಾಯಿ ಅಡ್ಡ ಬರ್ತದಂತ ಮಾಳಗಿ ಮ್ಯಾಲಿನ ತಗಡಿನ ಶೆಡ್ಡಿನ್ಯಾಗ ಕಟ್ಟಿದ್ವಿ, ನೆರಳದ, ನೀರಿಟ್ಟೀವಿ, ಇನ್ನೇನು ಬೇಕು ಅಂತ. ತಗಡಿನ ಕೆಳಗಿನ ನೆರಳು ನೆರಳಲ್ಲ, ಅದು ಒಲಿ. ಊಟದ ಹೊತ್ತಿಗೆ ಮ್ಯಾಲೆ ಹೋಗಿ ನೋಡಿದ್ರ ನೀರಿನ ಸ್ಟೀಲ್ ಬುಟ್ಟಿ ಉರುಳಿಬಿದ್ದದ, ನಾಯಿ ನಾಲಿಗಿ ಕಡುಕೆಂಪು, ಜೊಲ್ಲು ಅಂಟಂಟು, ಎಬ್ಬಿಸಿದ್ರ ಹಿಂದಿನ ಕಾಲು ಕುಸೀತಾವ, ಕಣ್ಣು ಎಲ್ಲೋ ನೋಡ್ತಾವ.

ಆಗ ನಾವು ಮಾಡಿದ್ದೆಲ್ಲಾ ತಪ್ಪು. ಹೆಂಡ್ತಿ ಓಡಿ ಹೋಗಿ ಐಸ್ ಟ್ರೇ ತಂದು ಕ್ಯೂಬು ಬಾಯಾಗ ತುರುಕಿದ್ಲು, ಅದಕ್ಕ ನುಂಗಾಕ ಶಕ್ತಿನೇ ಇಲ್ಲ, ಗಂಟಲಿಗೆ ಸಿಕ್ಕು ಗೊರಗೊರ ಅಂದು ವಾಂತಿ ಮಾಡ್ಕೊಂತು. ನಾನು ನಳ ತಿರುವಿ ಮೈಮ್ಯಾಲೆ ನೀರು ಬಿಟ್ಟೆ, ಆ ನಳ ಮ್ಯಾಲಿನ ಸಿಂಟೆಕ್ಸ್ ಟ್ಯಾಂಕಿದ್ದು, ಮಧ್ಯಾಹ್ನ ಆ ನೀರಿನ್ಯಾಗ ಚಹಾ ಮಾಡಬಹುದು, ನನ್ನ ಕೈಗೇ ಚುರ್ ಅಂತು. ಬಾಜು ಮನಿಯವರು ತೊಯ್ಸಿದ ಗೋಣಿಚೀಲ ತಂದು ಸುತ್ತಿಬಿಟ್ರು, ಐದು ನಿಮಿಷದಾಗ ಆ ಚೀಲನೂ ಬಿಸಿ, ಮೈಯಾಗಿನ ಕಾವು ಹೊರಗ ಹೋಗದಂಗ ಕಂಬಳಿ ಹೊದಿಸಿದಂಗಾತು. ಫೋನ್ ಮಾಡಿದ ಒಂದು ದವಾಖಾನಿಯವರು ಟೈಮ್ ಮುಗದದ, ಸಂಜಿಗೆ ಕರಕೊಂಡ್ ಬರ್ರಿ ಅಂದ್ರು. ಪುಣ್ಯಕ್ಕ ನಮ್ಮ ಓಣ್ಯಾಗ ಒಬ್ಬ ರಿಟೈರ್ಡ್ ದನದ ಡಾಕ್ಟರ್ ಇದ್ದಾರ, ಬನಿಯನ್ ಮ್ಯಾಲೇ ಬಂದ್ರು. ಬಂದವರೇ ಮೊದಲ ಬೈದ್ರು. ಬಾಯಾಗ ಏನೂ ಹಾಕಬ್ಯಾಡ್ರಿ, ಚೀಲ ತಗೀರಿ, ಕೆಳಗ ಫರಸಿ ಮ್ಯಾಲೆ ಮಲಗಸ್ರಿ, ಗಡಿಗಿ ನೀರು, ಸಂಪಿನ ನೀರು ತಂದು ಹೊಟ್ಟಿ, ತೊಡಿಸಂದಿ, ಬಗಲು, ಪಾದ ಎಲ್ಲಾ ತೊಯ್ಸ್ತಾ ಇರ್ರಿ, ಟೇಬಲ್ ಫ್ಯಾನ್ ತಂದು ಮುಖಕ್ಕಲ್ಲ ಮೈಗೆ ಹಚ್ಚರಿ ಅಂದ್ರು. ಥರ್ಮಾಮೀಟರ್ ಇಟ್ಟು ನೋಡಿದ್ರ 106 ಮ್ಯಾಲೆ. ನಾಯಿ ಮೈ ನಮ್ಮಂಗ 98 ಅಲ್ಲ, ಅದರ ನಾರ್ಮಲ್ಲೇ 101ರಿಂದ 102.5, ಆದ್ರ 104 ದಾಟಿದ್ರ ಡೇಂಜರು, 106ಕ್ಕ ಒಳಗಿನ ಅಂಗಗಳು ಬೇಯಾಕ ಶುರು. 103ಕ್ಕ ಬಂದ ಮ್ಯಾಲೆ ತೊಯ್ಸೋದು ನಿಲ್ಲಸ್ರಿ, ಇಲ್ಲಾಂದ್ರ ಆ ಕಡಿ ಇಳದು ತಂಡಿ ಹಿಡೀತದ ಅಂದ್ರು. ಸಲೈನ್ ಹಚ್ಚಿದ್ರು. ಮೂರು ದಿನ ತಿನ್ನಲಿಲ್ಲ, ಬದುಕ್ತು.

ಆಮ್ಯಾಲೆ ಪಿಯುಸಿ ಸೈನ್ಸ್ ಓದೋ ನನ್ನ ಮಗ ಒಂದು ಲೆಕ್ಕ ಮಾಡಿ ತೋರಿಸಿದ, ಅದು ನನಗ ಡಾಕ್ಟರ್ ಬೈಗುಳಕ್ಕಿಂತ ಜಾಸ್ತಿ ತಲಿಗೆ ಹತ್ತಿತು. ಒಂದು ಗ್ರಾಂ ಐಸು ಕರಗಾಕ 80 ಕ್ಯಾಲೊರಿ ಶಾಖ ಎಳ್ಕೊಂತದ, ಆ ನೀರು ನಾಯಿ ಮೈಯಷ್ಟು ಬೆಚ್ಚಗಾಗಾಕ ಇನ್ನೊಂದು 39, ಒಟ್ಟು 120 ಹಿಡೀರಿ (ಇದು ಊಟದ ಕ್ಯಾಲೊರಿ ಅಲ್ಲ, ಫಿಸಿಕ್ಸಿನ ಸಣ್ಣ ಕ್ಯಾಲೊರಿ ಅಂತ ಮಗ ಬರೀಬೇಕಂದ, ಬರದೀನಿ). ಟ್ರೇದಾಗಿನ ಒಂದು ಕ್ಯೂಬು 20 ಗ್ರಾಂ ಅಂದ್ರ 2,400. ಇಪ್ಪತ್ತು ಕೆಜಿ ನಾಯಿ ಮೈ ಒಂದು ಡಿಗ್ರಿ ಸೆಲ್ಸಿಯಸ್ ಇಳೀಬೇಕಂದ್ರ 16-17 ಸಾವಿರ ಬೇಕು. ಅಂದ್ರ ಒಂದು ಡಿಗ್ರಿಗೆ ಏಳು ಕ್ಯೂಬು ನುಂಗಬೇಕು! ಅದೇ ಒಂದು ಗ್ರಾಂ ನೀರು ಮೈಮ್ಯಾಲಿಂದ ಆವಿಯಾಗಿ ಹೋದ್ರ ಹೆಚ್ಚುಕಡಿಮಿ 580 ಕ್ಯಾಲೊರಿ ಎಳ್ಕೊಂಡು ಹೋಗ್ತದ. ಐಸಿಗಿಂತ ಐದು ಪಟ್ಟು. ಗಡಿಗಿ ನೀರು ಹೆಂಗ ತಣ್ಣಗಾಗ್ತದೋ ಹಂಗ, ರಾಯಚೂರು ಗಾಳಿ ಒಣ ಇರ್ತದಲ್ಲ, ಆ ಒಣಗಾಳಿ ನಮ್ಮನ್ನ ಸುಡೋದೂ ಖರೆ, ತೊಯ್ಸಿದ ಮೈಯನ್ನ ಲಗೂನ ತಂಪು ಮಾಡೋದೂ ಖರೆ. ನಾಯಿ ತೇಕೋದೂ ಇದೇ ಲೆಕ್ಕಾನೇ, ಅದಕ್ಕ ನಮ್ಮಂಗ ಮೈತುಂಬ ಬೆವರಿಲ್ಲ, ಪಾದದ ಗದ್ದಿಗ್ಯಾಗ ಇಷ್ಟೇ ಇಷ್ಟು, ಉಳದದ್ದೆಲ್ಲಾ ನಾಲಿಗಿ ಮ್ಯಾಲಿಂದ, ಉಸಿರಿನಿಂದ ಆವಿ ಆಗಿ ಹೋಗಬೇಕು. ಅದಕ್ಕೇ ಪಗ್ ತರದ ಚಪ್ಪಟಿ ಮೂಗಿನವು ನಮ್ಮೂರ ಬಿಸಿಲಿಗೆ ಮೊದಲ ಬೀಳೋದು, ಅವಕ್ಕ ಉಸಿರಾಡಾಕೇ ಜಾಗ ಇಲ್ಲ. ರಾಯಚೂರಾಗ ಯಾಕ ಪಗ್ ಸಾಕ್ತಾರೋ ನನಗಂತೂ ತಿಳೀವಲ್ದು, ಏಸಿ ಇದ್ದವರು ಸಾಕ್ಲಿ, ಕರೆಂಟ್ ಹೋದಾಗ ಏನ್ ಮಾಡ್ತಾರ?

ಹಂಗಾದ್ರ ಐಸು ಕೊಡೋದೇ ಬ್ಯಾಡೇನು ಅಂದ್ರ, ಹಂಗಲ್ಲ. ಚಂದಂಗಿರೋ ನಾಯಿಗೆ ಖುಷಿಗೆ ಕೊಡ್ರಿ, ಔಷಧ ಅಂತ ಕೊಡಬ್ಯಾಡ್ರಿ. ನಾವು ಈಗ ಟೈಗರ್‌ಗೆ ಮಾಡೋದು ತೆಳು ಮಜ್ಜಿಗಿ, ಉಪ್ಪು ಹಾಕಂಗಿಲ್ಲ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಬಳ್ಳೊಳ್ಳಿ ಯಾವುದೂ ಇಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿ ನಾಯಿ ರಕ್ತಕ್ಕೇ ಆಗಂಗಿಲ್ಲ. ಅದನ್ನ ಟ್ರೇದಾಗ ಗಟ್ಟಿ ಮಾಡಿ, ಬಟ್ಟ್ಯಾಗ ಕಟ್ಟಿ ಗುಂಡಕಲ್ಲಿಲೆ ಜಜ್ಜಿ ಪುಡಿಪುಡಿ ಮಾಡಿ ತಾಟಿನ್ಯಾಗ ಹಾಕಿದ್ರ ನೆಕ್ಕೊಂತ ಕೂಡ್ತದ. ಇಡೀ ಕ್ಯೂಬು ಕೊಡಬ್ಯಾಡ್ರಿ, ಕಟಕಟ ಕಡೀತದ ನೋಡಾಕ ಚಂದ, ಹಲ್ಲು ಸೀಳ್ತಾವ, ಅದೂ ಹಿಂದಿನ ದೊಡ್ಡ ಹಲ್ಲು, ಸೀಳಿದ್ದು ಹೊರಗ ಕಾಣಂಗಿಲ್ಲ, ಊಟ ಬಿಟ್ಟಾಗಷ್ಟೇ ಗೊತ್ತಾಗೋದು. ಸಣ್ಣ ನಾಯಿಗೆ ಗಂಟಲಿಗೂ ಸಿಗ್ತದ. ಕಲ್ಲಂಗಡಿ ಬೀಜ ತಗದು, ಸಿಪ್ಪಿ ತಗದು, ಸಣ್ಣಗ ಹೆಚ್ಚಿ ಫ್ರಿಜ್ಜಿನ್ಯಾಗಿಟ್ಟು ಕೊಡಬಹುದು, ಸವತಿಕಾಯಿ, ಗಜ್ಜರಿ ಆಗ್ತದ, ಮಾವಿನಹಣ್ಣು ಒಂದೆರಡು ಹೋಳು, ವಾಟಿ ಮಾತ್ರ ಕೊಡಬ್ಯಾಡ್ರಿ, ನುಂಗಿದ್ರ ಕರುಳಿಗೆ ಅಡ್ಡ ಬೀಳ್ತದ. ಇವೆಲ್ಲಾ ಸೇರಿ ದಿನದ ಊಟದ ಹತ್ತರಾಗ ಒಂದು ಪಾಲು ದಾಟಬಾರದು. ಖರೆ ಹೇಳಬೇಕಂದ್ರ ನಮ್ಮ ಅವ್ವ ಕಾಲದಾಗ ನಾಯಿಗೆ ಜ್ವಾಳದ ರೊಟ್ಟಿ ಮುರದು ನೀರು ಮಜ್ಜಿಗ್ಯಾಗ ನೆನಸಿ ಹಾಕ್ತಿದ್ಲು, ಬ್ಯಾಸಿಗ್ಯಾಗ ನಾಯಿಗಳು ಗಡಿಗಿ ಸ್ಟ್ಯಾಂಡಿನ ಕೆಳಗ, ನೀರು ಜಿನುಗಿದ ಫರಸಿ ಮ್ಯಾಲೆ ಹೊಟ್ಟಿ ಊರಿ ಮಲಗ್ತಿದ್ವು, ನಾವು ಒದ್ದು ಎಬ್ಬಿಸ್ತಿದ್ವಿ, ಹೇಸಿಗಿ ಅಂತ. ಅವಕ್ಕ ಗೊತ್ತಿತ್ತು.

ಬೀದಿನಾಯಿಗೆ ಏನು ಬೇಕು ಅಂದ್ರ ಐಸ್‌ಕ್ಯಾಂಡಿ ಕಡೀಗೆ ಬರ್ತದ. ಮೊದಲ ನೀರು, ನೆರಳು. ಅಂಗಡಿ ಮುಂದ ಒಂದು ಮಣ್ಣಿನ ಇಲ್ಲಾ ಸಿಮೆಂಟಿನ ಬಾನಿ ಇಡ್ರಿ, ಪ್ಲಾಸ್ಟಿಕ್ಕು, ಸ್ಟೀಲು ಬಿಸಿಲಿಗೆ ಕಾಯ್ತಾವ. ನೆರಳು ಸರದಂಗ ಬಾನಿನೂ ಸರಸಬೇಕು, ಮುಂಜಾನೆ ನೆರಳಿದ್ದ ಜಾಗದಾಗ ಎರಡಕ್ಕ ಬಿಸಿಲಿರ್ತದ. ದಿನಾ ತಿಕ್ಕಿ ತೊಳೀರಿ, ಇಲ್ಲಾಂದ್ರ ಪಾಚಿ, ಸೊಳ್ಳಿ. ಮಧ್ಯಾಹ್ನ ನಾಯಿನ ವಾಕಿಂಗಿಗೆ ಎಳಕೊಂಡು ಹೋಗೋ ದೊಡ್ಡವರು ಒಮ್ಮೆ ತಮ್ಮ ಅಂಗೈ ಹಿಂಬದಿ ಡಾಂಬರಿನ ಮ್ಯಾಲೆ ಏಳು ಎಣಿಸೋತನಕ ಇಟ್ಟು ನೋಡ್ರಿ, ಇಡಾಕ ಆಗಲಿಲ್ಲಂದ್ರ ಅದರ ಪಾದಕ್ಕೂ ಆಗಂಗಿಲ್ಲ.

ನನ್ನ ಬೇಡಿಕಿ ಎರಡೇ ಸರ್. ಒಂದು, ಪಶು ಇಲಾಖೆಯವರಿಗೆ ನಿಮ್ಮ ಪೇಪರ್ ಮೂಲಕ: ಏಪ್ರಿಲ್, ಮೇ ಎರಡು ತಿಂಗಳು ಮಧ್ಯಾಹ್ನ ಒಂದರಿಂದ ನಾಕರತನಕ ಜಿಲ್ಲಾ ಕೇಂದ್ರದಾಗ ಒಬ್ಬ ಡಾಕ್ಟರ್ ಆದ್ರೂ ಫೋನಿಗೆ ಸಿಗಂಗ ಮಾಡ್ರಿ, ಬಿಸಿಲು ಹೊಡಿಯೋದು ಆ ಹೊತ್ತಿಗೇ, ಸಂಜಿ ಐದಕ್ಕಲ್ಲ. ಎತ್ತು, ಎಮ್ಮಿಗೂ ಅದೇ ಬಿಸಿಲು. 1962 ನಂಬರಿಗೆ ಫೋನ್ ಮಾಡಿದ್ರ ಬರೋ ಪಶು ದವಾಖಾನಿ ಗಾಡಿ ದನಕರಕ್ಕ ಅಂತ ಅದ, ಛಲೋ ಕೆಲಸ, ನಾಯಿ ಅಂದ್ರ ಫೋನ್ ಇಡಬಾರದು ಅಂತಷ್ಟೇ ನಮ್ಮ ಕೋರಿಕೆ. ಎರಡನೇದು ನಿಮಗೇ: ಮತ್ತ ಇಂಥಾ ಫೋಟೋ ಬರ್ತಾವ, ಬ್ಯಾಸಿಗಿ ಇನ್ನೂ ಮುಗದಿಲ್ಲ, ಹಾಕ್ರಿ, ಆದ್ರ ಕೆಳಗ ಮಾನವೀಯತೆ ಅಂತ ಬರಿಯೋ ಜಾಗದಾಗ ಕಡ್ಡಿ ಕೊಡಬ್ಯಾಡ್ರಿ, ಚಾಕ್ಲೇಟು, ದ್ರಾಕ್ಷಿ, ಶುಗರ್‌ಫ್ರೀ ಕೊಡಬ್ಯಾಡ್ರಿ, ತೂರಾಡೋ ನಾಯಿ ಬಾಯಾಗ ಏನೂ ಹಾಕಬ್ಯಾಡ್ರಿ, ಮೈ ತೊಯ್ಸಿ ಗಾಳಿ ಹಾಕಿ ಡಾಕ್ಟರ್ ಹತ್ರ ಒಯ್ರಿ ಅಂತ ಬರೀರಿ.

ಆ ಶುಗರ್‌ಫ್ರೀ ಕಪ್ಪಿನ ಸಾಹೇಬ್ರು ಇದನ್ನ ಓದಿದ್ರ ಒಮ್ಮೆ ಅಂಗಡಿಗೆ ಬರ್ರಿ, ಅವತ್ತ ಕಸಗೊಂಡ ಅರ್ಧ ಕಪ್ಪಿನ ರೊಕ್ಕ ವಾಪಸ್ ಕೊಡ್ತೀನಿ, ಒಂದು ಲಸ್ಸಿ ನನ್ನ ಕಡಿಂದ, ಸಕ್ಕರಿ ಇಲ್ದಂಗ. ನಾಯಿಗೆ ಅಂತ ಬಾನಿ ಇಟ್ಟೀನಿ, ಅದರ ನೀರು ಬದಲಿ ಮಾಡಾಕ ಗಿರಾಕಿಗಳಾಗ ಯಾರಾದ್ರೂ ಕೈ ಹಚ್ಚಿದ್ರ ಭಾಳ ಉಪಕಾರ, ಹುಡುಗ ಊರಿಗೆ ಹೋಗ್ಯಾನ.

ಇಂತಿ ನಿಮ್ಮ ಓದುಗ,
ಕೂಲ್‌ಡ್ರಿಂಕ್ಸ್ ಅಂಗಡಿಯಂವ, ರಾಯಚೂರು